ಗಂಟಿಲ್ಲದ ಗಾದಿ

ಮಂಡಕ್ಕಿ ಭಟ್ಟಿಯ ಬೆಂಕಿ ಆರಿಸಿ, ಮೈಮೇಲಿನ ಬೂದಿ ತೊಳೆದು, ಹಣೆಗೆ ವಿಭೂತಿ ಧರಿಸಿ ಮರುಳಪ್ಪ ಸಂಜೆಗೆ ಮನೆಯಿಂದ ಹೊರಬಿದ್ದನೆಂದರೆ ಅವನ ಕಾಲು ತಾನಾಗಿಯೇ ಕೊಟ್ಟೂರಿನ ಪಿಂಜಾರ ಓಣಿಯ ಕಡೆ ತಿರುಗುತ್ತಿತ್ತು. ಹೆಗಲ ವಸ್ತ್ರದ ತುದಿಯಲ್ಲಿ ಒಂದಿಷ್ಟು ಬಿಸಿ ಮಂಡಕ್ಕಿ. ಒಂದು ಕಾಲಕ್ಕೆ ಆ ಓಣಿಗೆ ದಾರಿ ತೋರಿಸುತ್ತಿದ್ದುದು ಕಣ್ಣಲ್ಲ, ಕಿವಿ. ಮೂಲೆಯ ಬೇವಿನ ಮರ ದಾಟುವ ಮೊದಲೇ ಮೌಲಾಸಾಬನ ಬಿಲ್ಲು ಕೇಳಿಬರುತ್ತಿತ್ತು. ಆಳೆತ್ತರಕ್ಕಿಂತ ಉದ್ದದ, ಹತ್ತಿ ಹಿಂಜುವ ಬಿಲ್ಲು ಅದು. ಅದರ ತಂತಿಯನ್ನು ಹತ್ತಿಯ ಗುಡ್ಡೆಯೊಳಗೆ ಇಳಿಸಿ ಮರದ ಕೊಡತಿಯಿಂದ ಮೀಟಿದರೆ ‘ಡಂಯ್’ ಎಂದು ಏಳುವ ದನಿಗೆ ಕಟ್ಟಿಕೊಂಡು ಕೂತ ಹತ್ತಿಯೆಲ್ಲ ಬಿಡಿಸಿಕೊಂಡು, ಕಾಯುವ ಹಾಲಿನ ನೊರೆಯ ಹಾಗೆ ಮೇಲೇರುತ್ತಿತ್ತು. ಆ ದನಿಯ ಬೆನ್ನಿಗೇ ಮಗ ಖಲಂದರನ ಪದ. ಅಪ್ಪ ಹಿಂಜುವುದು, ಮಗ ಹಾಡುವುದು, ಹೊರಜಗಲಿಯ ಮೇಲೆ ಮರುಳಪ್ಪ ಕಣ್ಣು ಮುಚ್ಚಿ ಕೇಳುವುದು, ಮೂರೂ ಒಂದೇ ಕಸುಬು ಎಂಬಂತೆ ವರ್ಷಗಟ್ಟಲೆ ನಡೆದುಬಂದಿತ್ತು.

ಮರುಳಪ್ಪ ಕೇಳುವ ಮನುಷ್ಯ. ಶ್ರಾವಣದ ಪುರಾಣಕ್ಕೆ ಮಠದ ಎಡಗಂಬಕ್ಕೆ ಆತು ಕೂತನೆಂದರೆ ಮಂಗಳಾರತಿಯವರೆಗೆ ಅಲುಗಿದವನಲ್ಲ. ತಾಯಿ ಬೀಸುವ ಕಲ್ಲಿನ ಮುಂದೆ ಹೇಳಿದ ಪದಗಳಿಂದ ಹಿಡಿದು ಶಾಸ್ತ್ರಿಗಳು ಓದಿದ ಷಟ್ಪದಿಗಳವರೆಗೆ ಎಲ್ಲವೂ ಅವನ ಎದೆಯೊಳಗೆ ಬೆಚ್ಚಗಿದ್ದವು. ಬಾಯಿಂದ ಮಾತ್ರ ಒಂದು ಸಾಲೂ ಹೊರಬಂದದ್ದನ್ನು ಊರು ಕೇಳಿರಲಿಲ್ಲ. “ಹೇಳಾಕ ಮಂದಿ ಭಾಳ ಅದಾರ. ಕೇಳಾಕೂ ಒಬ್ಬ ಬೇಕಲ್ಲ” ಎನ್ನುತ್ತಿದ್ದ. ಅವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಖಲಂದರನ ಮುತ್ತಜ್ಜ ಕಟ್ಟಿದನೆನ್ನುವ ಒಂದು ಪದ. ಬಿಲ್ಲಿನ ಒಂದೊಂದು ಪೆಟ್ಟಿಗೆ ಒಂದೊಂದು ಸಾಲು ಕೂಡುತ್ತಿತ್ತು:

ಹತ್ತಿ ಹಗುರಾದೀತು, ಗಾಳೀಗಿ ಹಾರೀತು,
ಹೊತ್ತ ಮೈ ಎಂದು ಹಗುರಾದೀತೋ?
ಎತ್ತಿಕೊಂಡಾವ ತನ್ನೆದಿ ಮ್ಯಾಲ ಇಟ್ಟರ
ಕತ್ತಲಿ ಕೂಡ ಮೆತ್ತಗಾದೀತೋ.

ಎರಡು ಮಳೆಗಾಲದ ಹಿಂದೆ ಆ ದನಿ ನಿಂತಿತು. ಹಗರಿಬೊಮ್ಮನಹಳ್ಳಿಯಲ್ಲಿ ಹತ್ತಿ ತುರುಕಿದ ದೊಡ್ಡ ಚೀಲದ ಅಂಡಿಗೆಗಳನ್ನು ಹೇರಿದ ಲಾರಿಯ ನೆತ್ತಿಯ ಮೇಲೆ ನಿಂತು ಖಲಂದರ ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ಹರಿಯಿತು. ಹುಟ್ಟಿದಾರಭ್ಯ ಹತ್ತಿಯ ಮೇಲೆ ಹೊರಳಾಡಿ ಬೆಳೆದ ಹುಡುಗ ಹತ್ತಿಯ ಮೇಲಿಂದಲೇ ಕಲ್ಲಿಗೆ ಬಿದ್ದ. ಎದೆಗೂಡಿನ ಕೆಳಗೆ ಅವನದೆನ್ನುವುದು ಏನೂ ಉಳಿಯಲಿಲ್ಲ. ತಾಯಿ ಜುಬೇದಾ ಬೀ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದಳು. ಮೀಸೆ ಬಂದ ಮಗನನ್ನು ಈಗ ಅಪ್ಪನೇ ಎತ್ತಬೇಕು, ತೊಳೆಯಬೇಕು, ಹೊತ್ತು ಹೊತ್ತಿಗೆ ಮಗ್ಗಲು ಹೊರಳಿಸಬೇಕು. ಬಿಲ್ಲು ಮಗನ ಹಾಸಿಗೆಯ ಎದುರಿನ ಗೋಡೆಯಲ್ಲಿ, ಗೂಟಕ್ಕೆ ನೇತುಬಿದ್ದಿತ್ತು.

ಮರುಳಪ್ಪ ಮಾತ್ರ ತಪ್ಪಿಸಲಿಲ್ಲ. ದಿನವೂ ಬಂದು ಜಗಲಿಯ ಮೇಲೆ ಕೂತು, ಬಾಗಿಲೊಳಗೆ ಕತ್ತು ಹಾಕಿ, “ಹೆಂಗದಾನ?” ಎನ್ನುತ್ತಿದ್ದ. “ಹಂಗ ಅದಾನ” ಎಂದು ಮೌಲಾಸಾಬ ಹೇಳುತ್ತಿದ್ದ. ಮಂಡಕ್ಕಿ ಒಳಗೆ ಹೋಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಅವನು ಎದ್ದು ಬರುತ್ತಿದ್ದ.

ಆಷಾಢದ ಗಾಳಿ ಓಣಿಯ ಧೂಳನ್ನೆಲ್ಲ ಎತ್ತಿ ಆಡಿಸುತ್ತಿದ್ದ ಒಂದು ಸಂಜೆ ಅದೇ ಜಗಲಿಗೆ ಪಕ್ಕೀರಪ್ಪ ಬಂದು ಕೂತ. ಉಜ್ಜಿನಿ ರಸ್ತೆಯ ಹಳ್ಳದ ಆಚೆಗಿರುವ ಒಂದು ಸಣ್ಣ ಮಠದ ಸೇವಕ ಅವನು. ಆ ಮಠದಲ್ಲಿ, ಭಕ್ತರು ‘ಅಜ್ಜ’ ಎನ್ನುವ ಹಿಂದಿನ ಒಬ್ಬ ಸ್ವಾಮಿಯ ಸಮಾಧಿ ಗದ್ದುಗೆಯಿದೆ. ಗದ್ದುಗೆಯ ಮೇಲೊಂದು ಗಾದಿ. ಪ್ರತಿವರ್ಷ ಶ್ರಾವಣದ ಪುರಾಣ ಹಚ್ಚುವ ಮೊದಲು ಆ ಗಾದಿಯನ್ನು ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿಯುವುದು ಮೌಲಾಸಾಬನ ಮನೆತನದ ಸೇವೆ. ಗಾದಿ ಮಠದ ಹೊಸ್ತಿಲು ದಾಟುವಂತಿಲ್ಲ, ಪಿಂಜಾರನೇ ಬಿಲ್ಲು ಹೊತ್ತು ಹೋಗಬೇಕು. ಕೂಲಿ ಇಲ್ಲ. ಒಂದು ತೆಂಗಿನಕಾಯಿ, ಒಂದು ಊಟ.

“ಏನ್ರಿ ಮೌಲಾಸಾಬ್ರ, ಅಜ್ಜ ಗಟ್ಟಿ ಗಾದಿ ಮ್ಯಾಲ ಕುಂತಾನ. ಎರಡು ಶ್ರಾವಣ ಹಂಗ ಹೋದ್ವು. ಈ ವರ್ಷನಾದ್ರೂ ಬರ್ತೀರೋ ಇಲ್ಲೋ ಹೇಳ್ರಿ.”

ಮೌಲಾಸಾಬ ಒಳಗೆ ಮಗನ ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಲೇ ಇದ್ದ.

“ನಮ್ಮ ಹುಡುಗ್ರು ಕೇಳವಲ್ರು” ಎಂದು ಪಕ್ಕೀರಪ್ಪನೇ ಮುಂದುವರಿಸಿದ. “ದಾವಣಗೇರಿಯಿಂದ ಫೋಮ್ ತರಸ್ತೀವಿ, ಒಮ್ಮಿ ಹಾಕಿದ್ರ ಮುಗೀತು, ಯಾರ ಹಾದೀನೂ ಕಾಯೂದು ಬ್ಯಾಡ ಅಂತಾರ. ಅಮಾಸಿ ತನಕ ತಡೀರೋ, ನಾ ಹೋಗಿ ಕೇಳ್ಕೊಂಡ್ ಬರ್ತೀನಿ ಅಂತ ಬಂದೆ. ಫೋಮ್ ಬಂತಂದ್ರ ನಿಮ್ಮ ಮನಿತನದ ಸೇವಾ ಅಲ್ಲಿಗಿ ಮುಗೀತು ನೋಡ್ರಿ.”

“ಹಾಕಸ್ರಿ. ಅಜ್ಜಗೇನು, ಫೋಮ್ ಆದ್ರೂ ಆದೀತು” ಎಂದ ಮೌಲಾಸಾಬ.

“ಅಪ್ಪಾ, ನೀ ಹೋಗು” ಎಂದ ಖಲಂದರ.

“ಹೋಗಿ? ನಿನ್ನ ಹೊಳ್ಳಸಾವ್ರು ಯಾರು? ಪಕ್ಕೀರಪ್ಪನ್ನ ಇಲ್ಲಿ ಕುಂದರ್ಸಿ ಹೋಗ್ಲೇನು?”

“ಯಾಕ, ನಾ ಇಲ್ಲೇನು?” ಎಂದು ಹೊರಗಿನಿಂದ ಮರುಳಪ್ಪನ ಬಾಯಿಂದ ಬಂದುಬಿಟ್ಟಿತು.

ಮೌಲಾಸಾಬ ಎಣ್ಣೆಯ ಕೈಯನ್ನು ಹಾಗೇ ಹಿಡಿದು ಬಾಗಿಲ ಕಡೆ ನೋಡಿದ. “ಮರುಳಾ, ನೀ ದಿನಾ ಬರ್ತಿ. ಖರೆ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಇವ ಬಿದ್ದಾಗಿಂದ ನೀ ಈ ಹೊಸ್ತಿಲ ದಾಟಿಯೇನ್ಲೇ?”

ಸಿಟ್ಟಿನ ಮಾತಾಗಿದ್ದರೆ ಮರುಳಪ್ಪ ತಿರುಗಿ ಏನಾದರೂ ಅನ್ನುತ್ತಿದ್ದ. ಸಿಟ್ಟು ಇರಲಿಲ್ಲ. ಖಲಂದರನೇ ನಕ್ಕು, “ಬಿಡಪ್ಪಾ, ಕಾಕಾ ದಾಟದಿದ್ರೇನಾತು, ಮಂಡಕ್ಕಿ ದಾಟಿ ಬರ್ತೈತಲ್ಲ” ಎಂದ. ಪಕ್ಕೀರಪ್ಪ ಅಮಾಸಿಯ ಮಾತನ್ನು ಇನ್ನೊಮ್ಮೆ ನೆನಪಿಸಿ ಎದ್ದು ಹೋದ.

ಮನೆಗೆ ಬಂದು ಊಟಕ್ಕೆ ಕೂತ ಗಂಡನ ಮುಖ ನೋಡಿ ಹೆಂಡತಿ ಕೊಟ್ರಬಸಮ್ಮ ವಿಷಯ ತಿಳಿದುಕೊಂಡಳು. ತಿಳಿದ ಮೇಲೆ ಸುಮ್ಮನಿರುವವಳಲ್ಲ.

“ಅವ್ರು ಅಂದದ್ದು ಸುಳ್ಳೇನು? ಜಗಲಿ ಮ್ಯಾಲ ಕುಂತು ಹೆಂಗದಾನ ಹೆಂಗದಾನ ಅಂದ್ರ ಆ ಹುಡುಗ ಎದ್ದು ನಡೀತಾನೇನ್ರಿ?”

“ನಂಗ ಕೈ ನಡಗ್ತಾವ. ಎಲ್ಲಿ ಹಿಡಿದ್ರ ಎಲ್ಲಿ ಏನಾಕ್ಕೈತೋ.”

“ಭಟ್ಟಿಯೊಳಗ ಕಾದ ಉಸುಕಿನ್ಯಾಗ ಕೈ ಆಡಸ್ತೀರಿ, ಆವಾಗ ನಡಗಂಗಿಲ್ಲ. ಆ ಹುಡುಗನ್ನ ಮುಟ್ಟಾಕ ನಡಗ್ತಾವ. ಭಾಳ ಶ್ಯಾಣ್ಯಾ ಕೈ ಅದಾವ ನಿಮ್ವು.” ರೊಟ್ಟಿಯನ್ನು ತಾಟಿಗೆ ಎಸೆದಂತೆ ಹಾಕಿ ಅವಳು ಒಲೆಯ ಕಡೆ ತಿರುಗಿದಳು.

ಮರುಳಪ್ಪ ರೊಟ್ಟಿ ಮುರಿಯುತ್ತ ಕೂತ. ಕೈ ನಡುಗುವುದಕ್ಕೆ ಇನ್ನೊಂದು ಕಾರಣವಿತ್ತು. ಕೈಚಳಕದ ಮನುಷ್ಯನೊಬ್ಬನ ಕೈಯೇ ಕೈಕೊಟ್ಟದ್ದನ್ನು ಅವನು ಆ ಜಗಲಿಯಿಂದಲೇ ಕಣ್ಣಾರೆ ನೋಡಿದ್ದ.

ಖಲಂದರನನ್ನು ದವಾಖಾನೆಯಿಂದ ಮನೆಗೆ ಕರೆತಂದ ವಾರ ಮೌಲಾಸಾಬ ಊಟ ಬಿಟ್ಟು ಗಾದಿ ಮಾಡಿದ್ದ. ಹೊಸ ಅರಳೆ, ಒಳ್ಳೆಯ ಹತ್ತಿ. ಹಿಂಜಿದ್ದೇ ಹಿಂಜಿದ್ದು. ಮದುವೆಯ ಗಾದಿಯನ್ನು ಗಟ್ಟಿ ತುಂಬುವುದು ಅವರ ಕಸುಬಿನ ಮಾತು. ಮೇಲೆ ನಿಂತರೆ ಕಾಲು ಇಳಿಯಬಾರದು, ಮೊಮ್ಮಕ್ಕಳ ಕಾಲಕ್ಕೂ ಇರಬೇಕು. ಮಗನ ಗಾದಿಯನ್ನು ಅವನು ಅದಕ್ಕಿಂತ ಬಿಗಿಯಾಗಿ ತುಂಬಿದ. ಹತ್ತಿ ಒಳಗೆ ಸರಿದಾಡದಿರಲೆಂದು ನಡುವೆಲ್ಲ ಒತ್ತೊತ್ತಾಗಿ ದಾರದ ಗಂಟು ಹಾಕಿದ. “ಭಾಳ ಬಿಗಿ ಆತೇನೋ ಮೌಲ್ಯಾ” ಎಂದು ಮರುಳಪ್ಪ ಹೊರಗಿನಿಂದ ಅಂದಿದ್ದಕ್ಕೆ, “ನಾ ಸತ್ತ ಮ್ಯಾಲ ಇವನ ಗಾದಿ ಬಿಚ್ಚಿ ಹಿಂಜಾವ್ರು ಯಾರದಾರ? ಇವನ ಆಯುಷ್ಯ ಪೂರ್ತಿ ಬಾಳ್ಬೇಕಿದು” ಎಂದಿದ್ದ.

ನೋವು ತಿಳಿಯದ ಮೈ ಮಗ್ಗಲು ಬೇಡಲಿಲ್ಲ. ಒಂದು ಗಂಟಿನ ಮೇಲೆ ಬೆನ್ನಿನ ಬುಡ ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಹೆಬ್ಬೆರಳು ಹೋಗುವಷ್ಟು ಗುಳಿಬಿತ್ತು. ಗಾಯ ತೊಳೆಯಲು ಬಂದ ನರ್ಸಮ್ಮ ಗಾದಿಯ ಮೇಲೆ ಕೈಯಾಡಿಸಿ, “ಇಷ್ಟು ಗಟ್ಟಿ ಗಾದಿ ಯಾರು ಮಾಡಿದ್ರಿ?” ಎಂದು ಕೇಳಿದಳು. ಮೌಲಾಸಾಬ ಗಾಯ ತೊಳೆದ ನೀರನ್ನು ಹೊರಗೆ ಚೆಲ್ಲಲು ಎದ್ದ. ಗಾಯವೇನೋ ಮಾಯಿತು, ಎಷ್ಟೋ ತಿಂಗಳು ಹಿಡಿದು. ಅದೇ ಗಾದಿಯ ಮೇಲೆ ಹಳೆಯ ಕೌದಿಗಳನ್ನು ಪದರು ಪದರಾಗಿ ಹಾಸಿ ಮಗನನ್ನು ಮಲಗಿಸಿದ. ಅಂದಿನಿಂದ ಹತ್ತಿ ಮುಟ್ಟಲಿಲ್ಲ. “ನನ್ನ ಕೈಕೆಲಸಾನ ಅವನ್ನ ತಿಂತು. ಈ ಕೈಲೆ ಅಜ್ಜನ ಗಾದಿ ಹೆಂಗ ಮುಟ್ಟಲಿ?” ಎಂದು ಒಮ್ಮೆ, ಒಂದೇ ಒಮ್ಮೆ, ಗೆಳೆಯನ ಮುಂದೆ ಅಂದಿದ್ದ.

ಮರುದಿನ ಮರುಳಪ್ಪ ಭಟ್ಟಿ ಹಚ್ಚಲಿಲ್ಲ. ಜಳಕ, ಪೂಜೆ ಮುಗಿಸಿ, ಬೆಳಿಗ್ಗೆಯೇ ಪಿಂಜಾರ ಓಣಿಗೆ ಹೋಗಿ, ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ ಒಳಗೆ ನಿಂತ.

“ಕಲಿಸು” ಎಂದ.

“ಏನು?”

“ಹೊಳ್ಳಸೂದು. ತೊಳಿಯೂದು. ಎಲ್ಲಾ.”

ಮೌಲಾಸಾಬನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. “ಲೇ, ಲಿಂಗ ಕಟ್ಟಿದಾಂವ ನೀನು. ಪೂಜಿ ಮಾಡಿ ಬಂದೀ. ಇದು ಹೇಲು ಉಚ್ಚಿ ಬಳಿಯೂ ಕೆಲಸ.”

“ಲಿಂಗ ನನ್ನ ಎದಿ ಮ್ಯಾಲ ಐತಿ. ನಾ ಎಲ್ಲಿಗಿ ಹೋದ್ರ ಅಲ್ಲಿಗಿ ಬರ್ತೈತಿ. ಇಷ್ಟು ದಿನ ನಿನ್ನ ಜಗಲಿ ಮ್ಯಾಲ ಕುಂತು ಅದಕ್ಕೂ ಬ್ಯಾಸರಾಗೈತಿ.”

“ಕಲೀಲಿ ಬಿಡಪ್ಪಾ” ಎಂದ ಖಲಂದರ. “ನನ್ನಂಥ ಚಲೋ ಪಾಟಿ ಎಲ್ಲಿ ಸಿಗ್ತೈತಿ? ಎಷ್ಟು ತಪ್ಪು ಬರದ್ರೂ ನೋವಾತು ಅನ್ನಂಗಿಲ್ಲ.”

ಆ ಮಾತಿಗೆ ಯಾರೂ ನಗಲಿಲ್ಲ, ಅವನನ್ನು ಬಿಟ್ಟು. ಆದರೆ ಮೌಲಾಸಾಬ ಸರಿದು ಜಾಗ ಬಿಟ್ಟ.

ಒಂದು ಕೈ ಹೆಗಲ ಕೆಳಗೆ, ಇನ್ನೊಂದು ಕೈ ಸೊಂಟದ ಕೆಳಗೆ. ಎಳೆಯಬಾರದು, ಎಳೆದರೆ ಚರ್ಮ ಕಿತ್ತುಬರುತ್ತದೆ, ಎತ್ತಿ ಹೊರಳಿಸಬೇಕು. ಮೊಣಕಾಲುಗಳ ನಡುವೆ ದಿಂಬು. ಹೊರಳಿಸಿದ ಮೇಲೆ ಬೆನ್ನು ನೋಡಬೇಕು. ಎಲ್ಲಿ ಕೆಂಪಿದೆ, ಬೆರಳಿಂದ ಒತ್ತಿದರೆ ಕೆಂಪು ಹೋಗುತ್ತದೋ ಇಲ್ಲವೋ. ಮೊದಲ ಸಲ ಕೈಯಿಟ್ಟಾಗ ಮರುಳಪ್ಪ ಹೆದರಿದ್ದು ಭಾರಕ್ಕೆ; ಸಿಕ್ಕದ್ದು ಒಣಗಿದ ತೊಗರಿಕಡ್ಡಿಯಂಥ ಹಗುರ. ಅಂಡಿಗೆಗಳನ್ನು ಬೆನ್ನ ಮೇಲೆ ಹೊತ್ತು ಏಣಿ ಹತ್ತುತ್ತಿದ್ದ ಮೈ ಅದು. ಎತ್ತುವಾಗ ಮೌಲಾಸಾಬ “ಬಿಸ್ಮಿಲ್ಲಾ” ಅನ್ನುತ್ತಿದ್ದ. ಮರುಳಪ್ಪನ ಬಾಯಲ್ಲಿ “ಶಿವಾ” ಬಂತು. “ಇಬ್ರೂ ಕೂಡೇ ಅನ್ರಿ, ಯಾರಾದ್ರೂ ಒಬ್ರು ಬಂದು ಹಿಡೀತಾರ” ಎಂದ ಖಲಂದರ. ದಿನವೂ ಬೆಳಿಗ್ಗೆ ಮರುಳಪ್ಪ ಬಂದ, ದಿನವೂ ಕಲಿತ. ಅಮಾಸಿ ಹತ್ತಿರವಾಗುತ್ತಿತ್ತು.

ಕೊನೆಗೊಂದು ದಿನ ಮೌಲಾಸಾಬ ತೊಳೆದ ಅಂಗಿ ಹಾಕಿಕೊಂಡು ನಿಂತ. ಮಾತು ಮಾತ್ರ ಮಗ, ಗೆಳೆಯ ಬಯಸಿದ್ದಾಗಿರಲಿಲ್ಲ.

“ಹಿಂಜಾಕ ಹೊಂಟಿಲ್ಲ. ಸೇವಾ ಒಪ್ಪಿಸಿ ಬರಾಕ ಹೊಂಟೀನಿ. ಒಲ್ಲೆ ಅನ್ನೂದನ್ನ ಪಕ್ಕೀರಪ್ಪನ ಬಾಯಾಗ ಹೇಳಿ ಕಳಸಬಾರ್ದು. ನಮ್ಮಜ್ಜ ತುಳದ ಹಾದಿ, ನಾನ ಹೋಗಿ ಕೈ ಮುಗದು ಮುಗಿಸಿ ಬರ್ತೀನಿ.”

ಮರುಳಪ್ಪ ಖಲಂದರನ ಮುಖ ನೋಡಿದ. ಖಲಂದರ ಮಾಳಿಗೆಯ ಜಂತಿ ನೋಡುತ್ತ, “ಹಂಗಿದ್ರ ಬಿಲ್ಲು ಒಯ್ಯಿ” ಎಂದ. “ಸೇವಾ ಒಪ್ಪಿಸಾವ ಖಾಲಿ ಕೈಲೆ ಹೋಗ್ತಾನೇನು? ಅಜ್ಜನ ಮುಂದ ಇಟ್ಟು ಬಾ.”

ಮೌಲಾಸಾಬ ಗೂಟದಿಂದ ಬಿಲ್ಲು ಇಳಿಸಿ, ಹೆಗಲ ವಸ್ತ್ರದಿಂದ ಧೂಳು ಒರೆಸಿದ. ಬೆರಳು ತಗಲಿ ತಂತಿ ಸಣ್ಣಗೆ ಗುಂಯ್ಗುಟ್ಟಿತು. ಬಾಗಿಲು ದಾಟುವಾಗ ಹಳೆಯ ರೂಢಿಯಂತೆ ಬಿಲ್ಲನ್ನು ಬಾಗಿಸಿ, ಹೊರಗೆ ಹೋಗಿ ನೆಟ್ಟಗೆ ಮಾಡಿಕೊಂಡು, ತಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಅವನ ಹೆಜ್ಜೆ ಸದ್ದು ಅಡಗಿದ ಮೇಲೆ ಖಲಂದರ ಕೇಳಿದ: “ತಪ್ಪು ಮಾಡಿದ್ನೇನ್ರಿ ಕಾಕಾ? ಖರೇನ ಇಟ್ಟು ಬಂದುಬಿಟ್ರ?”

“ಮತ್ಯಾಕ ಹಂಗಂದಿ?”

“ಹೆಂಗಾರ ಮಾಡಿ ಒಯ್ಯಲಿ ಅಂತ. ಹೆಗಲಿಗಿ ಭಾರ ಬಿದ್ರ ಕೈಗೆ ನೆಪ್ಪಾಗಬಹುದು ಅಂತ.” ಅವನ ಕಣ್ಣು ಖಾಲಿ ಗೂಟದ ಮೇಲಿತ್ತು. “ಗಾಳಿ ಜೋರಾದ್ರ ಆ ತಂತಿ ತಾನ ಒಂದೊಂದ್ಸಲ ಗುಂಯ್ ಅಂತಿತ್ತು. ಅದನ್ನ ಕೇಳ್ಕೊಂತ ಮಲಗಿರ್ತಿದ್ದೆ. ಎರಡು ಮಳಿಗಾಲ ಅದರ ಮ್ಯಾಲ ಕಳದೀನಿ.”

ಗೋಡೆಯ ಗಡಿಯಾರ ನಿಂತು ಯಾವ ಕಾಲವಾಗಿತ್ತೋ. ಮರುಳಪ್ಪನಿಗೆ ಬೇರೆ ಅಳತೆ ಗೊತ್ತಿತ್ತು. ಪುರಾಣದ ಒಂದು ಸಂಧಿಯನ್ನು ಮನಸ್ಸಿನೊಳಗೇ ಮೊದಲಿಂದ ಕೊನೆಯವರೆಗೆ ನಡೆಸಿದರೆ ಮಗ್ಗಲು ಬದಲಿಸುವ ಹೊತ್ತು. ಒಂದು ಸಂಧಿ ಎಡಮಗ್ಗಲು, ಒಂದು ಸಂಧಿ ಬಲಮಗ್ಗಲು.

“ತುಟಿ ಅಲಗ್ತಾವು, ದನಿ ಬರವಲ್ದು” ಎಂದು ಖಲಂದರ ಕಿಚಾಯಿಸಿದ. “ಸೆಲ್ಲು ತೀರಿದ ಟೇಪ್ ರೆಕಾರ್ಡರ್ ಆಗೀರಲ್ಲ ಕಾಕಾ.”

ಮಧ್ಯಾಹ್ನದ ಗಂಜಿಯಾದ ಮೇಲೆ ಆಗಬಾರದೆಂದುಕೊಂಡದ್ದು ಆಯಿತು. ವಾಸನೆ ಬಂದಾಗಲೇ ಖಲಂದರನಿಗೂ ತಿಳಿದದ್ದು. ಮುಖವನ್ನು ಗೋಡೆಗೆ ತಿರುಗಿಸಿಕೊಂಡ. “ಕಾಕೀನ ಕರೀಬ್ಯಾಡ್ರಿ ಕಾಕಾ” ಎಂದ.

“ಯಾರ್ನೂ ಕರಿಯಂಗಿಲ್ಲ.”

ನೀರು ಬೆಚ್ಚಗೆ ಮಾಡಿ, ಹಳೆಯ ಅರಿವೆ ತಂದು, ಮರುಳಪ್ಪ ಕೆಲಸಕ್ಕೆ ಕೂತ. ಹುಡುಗನ ಕುತ್ತಿಗೆಯ ನರ ಬಿಗಿದು ನಿಂತಿತ್ತು. ಏನು ಮಾತಾಡಲಿ ಎಂದು ಹುಡುಕುತ್ತಿದ್ದ ಮರುಳಪ್ಪನಿಗೆ ಒಂದು ಹಳೆಯದು ಸಿಕ್ಕಿತು.

“ನಿಮ್ಮಪ್ಪನ್ನೂ ತೊಳದೀನಿ ಗೊತ್ತೇನು? ಸಣ್ಣಾವ್ರಿದ್ದಾಗ ಉಜ್ಜಿನಿಗಿ ನಡಕೊಂತ ಹೊಂಟಿದ್ವಿ. ಹಾದಿಮ್ಯಾಗ ಯಾರದೋ ಹೊಲದಾಗ ಹಸಿ ಶೇಂಗಾ ಕಿತ್ತು ತಿಂದ ನೋಡು, ಎತ್ತು ತಿಂದಂಗ ತಿಂದ. ಹಳ್ಳ ಬರೂ ಮುಂದಾಗ ಚೊಣ್ಣದಾಗ ಎಲ್ಲಾ ಆತು. ಒಂದ ಸವನ ಅಳಾಕ ಹತ್ತಿದ. ನಾನ ಹಳ್ಳದಾಗ ನಿಂದರ್ಸಿ ತೊಳದು, ಚೊಣ್ಣ ಹಿಂಡಿ, ಒಣಗೂ ತನಕ ಕಲ್ಲಿನ ಮ್ಯಾಲ ಕುಂದರ್ಸಿದ್ದೆ. ಇದು ನನಗ ನಿಮ್ಮ ಮನಿತನದ ಸೇವಾ ಅಂತ ತಿಳಕೋ.”

ಗೋಡೆಯ ಕಡೆಗಿದ್ದ ಮುಖದಿಂದ ಮೊದಲು ಉಸಿರು ಬಂತು, ಆಮೇಲೆ ನಗು. ನಕ್ಕೂ ನಕ್ಕೂ ಹುಡುಗನ ಕಣ್ಣಲ್ಲಿ ನೀರು ಬಂತು. ಎಲ್ಲ ಮುಗಿಸಿ ಕೈ ತೊಳೆದುಕೊಳ್ಳುವಾಗ ಮರುಳಪ್ಪನಿಗೆ ನೆನಪಾಯಿತು, ಕೈ ನಡುಗಿರಲಿಲ್ಲ.

ಹೊತ್ತು ವಾಲಿತು. ಖಲಂದರ ತಾನಾಗಿಯೇ ಮಠದ ಮಾತು ತೆಗೆದ. ಹುಡುಗನಿದ್ದಾಗ ಅಪ್ಪನ ಸಂಗಡ ಹೋಗುತ್ತಿದ್ದದ್ದು, ಹಳ್ಳದ ನೀರು, ಹಿಂಜುವಾಗ ಹಾರಿದ ಅರಳೆ ಮಠದ ದೀಪದ ಸುತ್ತ ತೇಲುತ್ತಿದ್ದದ್ದು.

“ಅಜ್ಜನ ಗಾದಿಗಿ ಗಂಟು ಹಾಕಂಗಿಲ್ರಿ ಕಾಕಾ. ಅಂಚು ಅಷ್ಟ ಹೊಲಿಯೂದು. ಒಳಗ ಹತ್ತಿ ಸುಮ್ನ ತೇಲಬೇಕು. ಅಜ್ಜ ಕುಂತಾನ ಅಂತ ತಿಳ್ಕೊಂಡು ತುಂಬಬೇಕು, ಗಂಟು ಹಾಕಿದ್ರ ಚುಚ್ಚತಾವು ಅಂತ ನಮ್ಮಪ್ಪ ಹೇಳ್ತಿದ್ದ.”

ಮರುಳಪ್ಪ ಕೂತಲ್ಲೇ ಮುಂದಕ್ಕೆ ಬಾಗಿದ. “ಮತ್ತ ನಿಂದು ಯಾಕ ಹಂಗ ಮಾಡ್ಲಿಲ್ಲ?”

“ಅದು ವರ್ಷ ಸೈತ ಬಾಳಂಗಿಲ್ಲ. ಹತ್ತಿ ಒಂದ ಕಡೆ ಸರದು ಗಡ್ಡಿ ಆಕ್ಕೈತಿ. ಮ್ಯಾಲಿಂದ ಮ್ಯಾಲ ಬಿಚ್ಚಬೇಕು, ಹಿಂಜಬೇಕು. ನಂದು ಬಾಳ್ಲಿ ಅಂತ ಅಪ್ಪ…” ಅವನು ಮಾತು ಅಲ್ಲಿಗೇ ಬಿಟ್ಟ.

“ಅಂದ್ರ ನಿಂಗ ಆವಾಗ ಗೊತ್ತಿತ್ತು.”

“ಗಾಯ ಆದ ಮ್ಯಾಲ ಹೊಳೀತು.”

“ಅಪ್ಪಗ ಹೇಳ್ಬೇಕಿಲ್ಲೋ?”

“ಹೆಂಗ ಹೇಳ್ಲಿ? ಅವನ ಕೈ ಹಿಡಕೊಂಡು, ನೀ ಹಿಂಗ ಮಾಡಬೇಕಿತ್ತು ಅಂತ ಹೇಳ್ಲೇನು? ಮೊದಲೇ ಬಿಲ್ಲು ಗೂಟಕ್ಕ ಹಾಕ್ಯಾನ.” ಮತ್ತೆ ಅಂದ: “ಅಜ್ಜನ ಹತ್ತಿ ಮುಟ್ಟಿದ್ರ ಕೈನ ಅವಗ ಹೇಳ್ತೈತಿ ಅಂತ ಕಾಯಾಕತ್ತೀನಿ.”

ಸಂಜೆಯ ಬಸ್ಸಿನ ಹಾರ್ನ್ ದೂರದಲ್ಲಿ ಕೇಳಿದಾಗ ಮರುಳಪ್ಪ ಬಾಗಿಲಿಗೆ ಬಂದು ನಿಂತ. ಓಣಿಯ ತಿರುವಿನಲ್ಲಿ ಒಂದು ಮಣ್ಣಿನ ಗೋಡೆ. ಮೌಲಾಸಾಬ ತಿರುಗಾಟದಿಂದ ಬರುವಾಗ ಅವನಿಗಿಂತ ಮುಂಚೆ ಆ ಗೋಡೆಯ ಮೇಲೆ ಬಿಲ್ಲಿನ ತುದಿ ಕಾಣುತ್ತಿತ್ತು. ಓಣಿಯ ಮಕ್ಕಳು ಅದನ್ನು ನೋಡಿಯೇ ಓಡುತ್ತಿದ್ದರು.

“ತುದಿ ಕಾಣ್ತೇನ್ರಿ ಕಾಕಾ?”

“ಇನ್ನೂ ಇಲ್ಲ.”

ಗೋಡೆಯ ಮೇಲೆ ಗಾಳಿ, ಧೂಳು, ಬೇವಿನ ಟೊಂಗೆ. ಮರುಳಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಪದಕ್ಕೆ, ದನಿಗೆ, ಮಾತಿಗೆ ಕಾದು ಗೊತ್ತಿದ್ದವನು. ಒಂದು ಕೋಲಿನ ತುದಿಗೆ ಹೀಗೆ ಕಾಯಬೇಕಾಗುತ್ತದೆಂದು ತಿಳಿದಿರಲಿಲ್ಲ.

“ಕಾಣ್ತೇನ್ರಿ?”

ತಿರುವಿನಲ್ಲಿ ಮೌಲಾಸಾಬ ಕಾಣಿಸಿದ. ಅವನೊಬ್ಬನೇ. ಹೆಗಲು ಬರಿದಾಗಿತ್ತು.

“ಬಂದ” ಎಂದಷ್ಟೇ ಅಂದ ಮರುಳಪ್ಪ.

“ಬಿಲ್ಲು?”

ಅವನು ಬಾಗಿಲಿನಿಂದ ಸರಿದು ದಾರಿ ಬಿಟ್ಟ. ಅಷ್ಟಕ್ಕೇ ತಿಳಿದು ಖಲಂದರ ಕಣ್ಣು ಮುಚ್ಚಿಕೊಂಡ. ಮೌಲಾಸಾಬ ಹತ್ತಿರ ಬಂದ, ಮೆಟ್ಟಿಲು ಹತ್ತಿದ. ಆಗ ಮರುಳಪ್ಪ ಅವನ ಮುಖವನ್ನು ಸರಿಯಾಗಿ ನೋಡಿದ. ಹುಬ್ಬು ಬೆಳ್ಳಗಿತ್ತು. ಗಡ್ಡದಲ್ಲಿ, ಕಿವಿಯ ಮೇಲೆ, ಟೋಪಿಯ ಅಂಚಿನಲ್ಲಿ ಅರಳೆಯ ಎಳೆ ಎಳೆ ಅಂಟಿತ್ತು.

“ಅರ್ಧ ಆಗೈತಿ” ಎಂದ ಮೌಲಾಸಾಬ, ಕಾಲಿಗೆ ನೀರು ಹಾಕಿಕೊಳ್ಳುತ್ತ. “ಇಷ್ಟು ದಿನ ಗಡ್ಡಿಗಟ್ಟಿದ ಹತ್ತಿ ಒಂದ ದಿನಕ್ಕ ಬಿಡ್ತೈತೇನು? ಬಿಲ್ಲು ಅಲ್ಲೇ ಬಿಟ್ಟು ಬಂದೀನಿ.” ಮತ್ತೆ, ಮುಖ ತಿರುಗಿಸದೆ: “ನಾಳಿ ಬರ್ತೀಯೇನ್ಲೇ ಮರುಳಾ?”

ಮಗ ಬಿದ್ದಂದಿನಿಂದ ಮೌಲಾಸಾಬ ಯಾರನ್ನೂ ಏನನ್ನೂ ಕೇಳಿದವನಲ್ಲ. ಮರುಳಪ್ಪ ಆಗಲೆಂದು ತಲೆಯಾಡಿಸಿದ.

ಒಳಗೆ ಬಂದು ಮಗನ ಪಕ್ಕ ಕೂತು ಮೌಲಾಸಾಬ ಹೇಳಿದ: “ಒಲ್ಲೆ ಅನ್ನಾಕಂತನ ಕುಂತೆ. ಕೈ ಮುಗದು ಗಾದಿ ಮ್ಯಾಲ ಕೈ ಇಟ್ಟೆ. ಕಲ್ಲಾಗಿತ್ತಲೇ. ಅಂಥಾದ್ರ ಮ್ಯಾಲ ಕುಂತಾರನ್ನ ಹಂಗ ಬಿಟ್ಟು ಎದ್ದು ಬರಾಕ ಆಕ್ಕೈತೇನು?” ಹೇಳುತ್ತಲೇ ಅವನ ಕೈ ಕೌದಿಗಳ ಕೆಳಗೆ ಇಳಿದು, ಮಗನ ಗಾದಿಯ ಮೇಲೆ ಹೋಗಿ ನಿಂತಿತು. ಒತ್ತಿತು. ಒಂದು ಗಂಟಿನ ಮೇಲೆ ಬೆರಳು ಆಡಿತು.

“ಅಜ್ಜಗ ಗಂಟು ಹಾಕ್ತೀಯೇನಪ್ಪಾ?” ಎಂದ ಖಲಂದರ ಮೆಲ್ಲಗೆ.

“ಹಾಕ್ತಾರೇನೋ ಹುಚ್ಚಾ. ಅಂಚು ಅಷ್ಟ.”

“ನಂಗೂ ಅಂಚು ಅಷ್ಟ ಹೊಲಿ.”

ಮೌಲಾಸಾಬನ ಬೆರಳು ಗಂಟಿನ ಮೇಲೆಯೇ ಇತ್ತು. “ಅದು ಬಾಳಂಗಿಲ್ಲೋ” ಎಂದ. “ಮ್ಯಾಲಿಂದ ಮ್ಯಾಲ ಬಿಚ್ಚಬೇಕಾಕ್ಕೈತಿ. ಬಿಚ್ಚಿದಾಗೊಮ್ಮೆ ನಿನ್ನ ಎಲ್ಲಿ ಇಡ್ಲಿ? ನಾನೊಬ್ಬ.”

“ನಂಗ ಹಿಂಜಾಕ ಬರಂಗಿಲ್ಲ” ಎಂದ ಮರುಳಪ್ಪ. “ಎತ್ತಿ ಹಿಡಿಯಾಕ ಬರ್ತೈತಿ.”

ಮರುದಿನ ಸಂಜೆ ಮಣ್ಣಿನ ಗೋಡೆಯ ಮೇಲೆ ಬಿಲ್ಲಿನ ತುದಿ ಕಂಡಿತು. “ಕಾಣ್ತು” ಎಂದು ಮರುಳಪ್ಪ ಕೂಗಿದ ದನಿಗೆ ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಮಠದಲ್ಲಿ ಫೋಮಿನ ಮಾತು ಈ ವರ್ಷಕ್ಕೆ ನಿಂತಿತು. ಮುಂದಿನ ವರ್ಷದ್ದು ಮುಂದೆ ಎಂದು ಪಕ್ಕೀರಪ್ಪ ಹೇಳಿ ಕಳಿಸಿದ್ದನಂತೆ.

ಅದರ ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಮೌಲಾಸಾಬ ಮಗನ ಗಾದಿಯ ಗಂಟುಗಳನ್ನು ಕತ್ತರಿಸತೊಡಗಿದ. ಮರುಳಪ್ಪ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತು, ಖಲಂದರನನ್ನು ಎದೆಗೆ ಒರಗಿಸಿಕೊಂಡಿದ್ದ. ಸ್ವಲ್ಪ ಹೊತ್ತಿಗೆ ಖಲಂದರ ಮುಲುಗಿದ.

“ಏನಾತು?”

“ನಿಮ್ಮ ದೇವ್ರು ಚುಚ್ಚಾಕತ್ಯಾನ ಕಾಕಾ.”

ಮರುಳಪ್ಪ ಅಂಗಿಯೊಳಗೆ ಕೈ ಹಾಕಿ ಲಿಂಗದ ಕರಡಿಗೆಯನ್ನು ಕಂಕುಳ ಕಡೆಗೆ ಸರಿಸಿಕೊಂಡ. ಹುಡುಗನ ಬೆನ್ನು ಈಗ ನೇರ ಎದೆಗೆ ತಾಗಿತು. ಪಕ್ಕೆಲುಬು ಒಂದೊಂದೂ ತಿಳಿಯುತ್ತಿತ್ತು.

ಕೊಡತಿ ತಂತಿಗೆ ಬಿತ್ತು. ಡಂಯ್. ಮೊದಲ ಪೆಟ್ಟಿಗೆ ಕಲ್ಲಾದ ಹತ್ತಿ ಅಲುಗಲಿಲ್ಲ. ಮೌಲಾಸಾಬ ತಂತಿ ಬಿಗಿ ಮಾಡಿಕೊಂಡ. ಡಂಯ್, ಟಕ್. ಒಂದು ಎಳೆ ಎದ್ದಿತು. ಡಂಯ್, ಟಕ್. ಹಿಂದೆಯೇ ಇನ್ನೊಂದು. ಬಾಗಿಲಿನಿಂದ ಬಿದ್ದ ಬಿಸಿಲಿನ ಕೋಲಿನೊಳಗೆ ಅರಳೆ ತೇಲಿ ಬಂದು ಖಲಂದರನ ರೆಪ್ಪೆಯ ಮೇಲೆ ಕೂತಿತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.

ಹತ್ತಿಯ ಗುಡ್ಡೆ ಮೊಣಕಾಲೆತ್ತರಕ್ಕೆ ಏರಿದಾಗ, ಯಾರೂ ಕೇಳದೆ, ಅವನು ಬಾಯಿ ತೆರೆದ.

ಹತ್ತಿ ಹಗುರಾದೀತು, ಗಾಳೀಗಿ ಹಾರೀತು…

ದನಿ ತೆಳ್ಳಗಾಗಿತ್ತು, ಹಳೆಯ ಅರಿವೆ ಸವೆದ ಹಾಗೆ. ಆದರೆ ಅದೇ ದನಿ. ಮೌಲಾಸಾಬ ತಲೆ ಎತ್ತಲಿಲ್ಲ. ಪೆಟ್ಟು ಮಾತ್ರ ಒಂದಿಷ್ಟು ನಿಧಾನವಾಗಿ, ಮಗನ ಉಸಿರಿಗೆ ತಕ್ಕಂತೆ ಬೀಳತೊಡಗಿತು. ಎರಡನೆಯ ಸಾಲು ಹೇಗೋ ದಾಟಿತು. ಮೂರನೆಯದು ನಡುವೆ ಒಡೆದು, ಮತ್ತೆ ಕೂಡಿ, ‘ತನ್ನೆದಿ ಮ್ಯಾಲ ಇಟ್ಟರ’ ಎನ್ನುವಲ್ಲಿಗೆ ಬಂದು ನಿಂತಿತು. ಮಲಗಿ ಮಲಗಿ ಮೋಟಾದ ಉಸಿರು ಅಲ್ಲಿಂದ ಮುಂದೆ ಎಟುಕಲಿಲ್ಲ.

ಕೊನೆಯ ಸಾಲು ಮರುಳಪ್ಪನಿಗೆ ಬರುತ್ತಿತ್ತು. ಎದೆಯಿಂದ ಎದ್ದು ಗಂಟಲವರೆಗೂ ಬಂದಿತ್ತು. ಅದು ಹುಡುಗನೇ ಹೇಳಬೇಕಾದ ಸಾಲೆಂದು ಅವನು ಅದನ್ನು ಅಲ್ಲೇ ಹಿಡಿದುಕೊಂಡ. ತನ್ನ ಎದೆಗೆ ಒರಗಿದ ಆ ತೆಳ್ಳನೆಯ ಬೆನ್ನು ಉಸಿರಿಗಾಗಿ ತಡಕಾಡುತ್ತಿದ್ದುದು, ಪಕ್ಕೆಲುಬುಗಳು ಒಂದಿಷ್ಟು ಅಗಲವಾಗಿ, ಸಾಲದೆ ಮತ್ತೆ ಕೂಡಿಕೊಳ್ಳುತ್ತಿದ್ದುದು ಅವನಿಗೆ ತಿಳಿಯುತ್ತಿತ್ತು.

ಬಿಲ್ಲು ಒಂದು ಪೆಟ್ಟು ಬಾರಿಸಿತು, ಖಾಲಿ. ಇನ್ನೊಂದು.

ಮರುಳಪ್ಪ ಕೈಗಳನ್ನು ಸಡಿಲಿಸದೆ, ಕಣ್ಣು ಮುಚ್ಚಿ, ಕೇಳುತ್ತ ಕೂತ.